ಅಮ್ಮ ದ್ರಾಕ್ಷಿ ಬಿಟ್ಟ ಎರಡು ವರ್ಷ

ಹೋದ ಫೆಬ್ರವರಿ ಕೊನೇಲಿ ಊರಿಗೆ ಹೋಗ್ತಾ ದೊಡ್ಡಬಳ್ಳಾಪುರದಲ್ಲಿ ಬಸ್ ಇಳಿದಾಗ, ತಳ್ಳೋಗಾಡೀಲಿ ಬೆಂಗಳೂರು ಬ್ಲೂ ದ್ರಾಕ್ಷಿ ಗುಡ್ಡೆ ಹಾಕಿದ್ರು. ಆ ವಾಸನೆ ಗೊತ್ತಲ್ಲ, ಗಾಡಿ ಇನ್ನೂ ಹತ್ತು ಹೆಜ್ಜೆ ದೂರ ಇರೋವಾಗ್ಲೇ ಮೂಗಿಗೆ ಬಡಿಯುತ್ತೆ, ಬೇರೆ ಯಾವ ದ್ರಾಕ್ಷಿಗೂ ಆ ವಾಸನೆ ಇಲ್ಲ. ಎರಡು ಕೆಜಿ ತಗೊಂಡೆ. ಮನೆಗೆ ಹೋಗಿ ಅಮ್ಮನ ಮುಂದೆ ಕವರ್ ಇಟ್ಟು "ಗೊಜ್ಜು ಮಾಡಮ್ಮ, ಎಷ್ಟು ದಿನ ಆಯ್ತು" ಅಂದೆ. ಅಮ್ಮ ಒಂದು ಹಣ್ಣು ಕೈಗೆ ತಗೊಂಡ್ಲು, ಮೂಸಿ ನೋಡಿದ್ಲು, ವಾಪಸ್ ಗೊಂಚಲ ಮೇಲೇ ಇಟ್ಲು.

"ಮಾಡ್ಕೊಡ್ತೀನಿ ಕಣೇ, ನೀನು ತಿನ್ನು. ನಾನ್ ತಿನ್ನಂಗಿಲ್ಲ."

"ಯಾಕೆ?"

"ಮಾತ್ರೆ ತಗೊಳೋರು ದ್ರಾಕ್ಷಿ ಮುಟ್ಬಾರ್ದಂತೆ. ಬಿಟ್ಟು ಎರಡು ವರ್ಷ ಆಯ್ತು."

ನಂಗೆ ಒಂದು ಕ್ಷಣ ಮಾತೇ ಹೊರಡ್ಲಿಲ್ಲ. ನಮ್ಮದು ದ್ರಾಕ್ಷಿ ಚಪ್ಪರದ ಮನೆ, ಅಮ್ಮ ಮದುವೆ ಆಗಿ ಬಂದ ದಿನದಿಂದ ಬಳ್ಳಿ ಕೆಳಗೇ ಬದುಕಿದೋಳು, ಹಣ್ಣು ಕೊಯ್ಯೋ ದಿನ ಬುಟ್ಟಿ ಹೊತ್ತೋಳು. ಅವ್ಳು ಎರಡು ವರ್ಷ ಒಂದು ಹಣ್ಣೂ ಬಾಯಿಗೆ ಹಾಕಿಲ್ಲ ಅಂತ ನಂಗೆ ಗೊತ್ತೇ ಇರ್ಲಿಲ್ಲ. ವಾರಕ್ಕೊಂದು ಸಲ ಫೋನ್ ಮಾಡ್ತೀನಿ, ಬಿಪಿ ಎಷ್ಟು, ಶುಗರ್ ಎಷ್ಟು, ಮಾತ್ರೆ ತಗೊಂಡ್ಯಾ, ಎಲ್ಲ ಕೇಳ್ತೀನಿ. ಏನು ತಿನ್ನೋದು ಬಿಟ್ಟಿದೀಯ ಅಂತ ಕೇಳಿರ್ಲಿಲ್ಲ.

ಫ್ರಿಜ್ ಬಾಗಿಲ ಮೇಲೆ ಒಂದು ಜೆರಾಕ್ಸ್ ಹಾಳೆ ಅಂಟಿಸಿತ್ತು. ಕೊಲೆಸ್ಟ್ರಾಲ್ ಮಾತ್ರೆ ಶುರು ಮಾಡಿದಾಗ ಆಸ್ಪತ್ರೇಲಿ ಕೊಟ್ಟಿದ್ದಂತೆ. ಉಪ್ಪಿನಕಾಯಿ ಬೇಡ, ಹಪ್ಪಳ ಬೇಡ, ಕರಿದ ಪದಾರ್ಥ ಬೇಡ, ಅದರ ಕೆಳಗೆ "ದ್ರಾಕ್ಷಿ ಹಣ್ಣು ಮತ್ತು ರಸ ಸೇವಿಸಬಾರದು". ಉಳಿದಿದ್ದೆಲ್ಲ ಅರ್ಥ ಆಯ್ತು, ಈ ಒಂದು ಸಾಲು ಮಾತ್ರ ತಲೇಲಿ ಕೊರೀತಾನೇ ಇತ್ತು. ಶುಗರ್‌ಗೋಸ್ಕರ ಅಂದ್ರೆ ಮಾವು, ಸಪೋಟ, ಬಾಳೆಹಣ್ಣೂ ಇರ್ಬೇಕಿತ್ತಲ್ಲ. ಅವು ಯಾವ್ದೂ ಇರ್ಲಿಲ್ಲ, ದ್ರಾಕ್ಷಿ ಒಂದೇ.

ಮುಂದಿನ ಸಲ ಚೆಕಪ್‌ಗೆ ನಾನೂ ಜೊತೆಗೆ ಹೋದೆ. ಡಾಕ್ಟರ್ ಬೇರೆಯವ್ರು, ಹಾಳೆ ಓದಿ ಒಂದು ನಿಮಿಷ ಸುಮ್ಮನಿದ್ರು. ಆಮೇಲೆ "ಇದು ಇಂಗ್ಲಿಷಲ್ಲಿ ಗ್ರೇಪ್‌ಫ್ರೂಟ್ ಅಂತ ಇದ್ದಿರ್ಬೇಕು, ಯಾರೋ ದ್ರಾಕ್ಷಿ ಅಂತ ಬರೆದಿದಾರೆ" ಅಂದ್ರು. ಅಮ್ಮನ ಕಡೆ ತಿರುಗಿ, "ಅಮ್ಮ, ನೀವು ಚಕ್ಕೋತ ತಿಂತೀರಾ?" ಅಂತ ಕೇಳಿದ್ರು.

"ಹೂಂ ಸಾರ್, ಹಿತ್ತಲಲ್ಲೇ ಬಿಡುತ್ತೆ. ದ್ರಾಕ್ಷಿ ಬಿಟ್ಮೇಲೆ ಅದೇ ಹೆಚ್ಚು ತಿಂತಿದೀನಿ."

## ಹೆಸರಲ್ಲಿ ಮಾತ್ರ ದ್ರಾಕ್ಷಿ

ಗ್ರೇಪ್‌ಫ್ರೂಟ್‌ಗೂ ದ್ರಾಕ್ಷಿಗೂ ಯಾವ ಸಂಬಂಧಾನೂ ಇಲ್ಲ. ಅದು ಕಿತ್ತಳೆ ಜಾತಿ ಹಣ್ಣು, ನಮ್ಮ ಚಕ್ಕೋತಕ್ಕೂ ಸಿಹಿ ಕಿತ್ತಳೆಗೂ ಹುಟ್ಟಿದ ಮಿಶ್ರ ತಳಿ, ಕೆರಿಬಿಯನ್ ಕಡೆ ಬಾರ್ಬಡೋಸ್ ದ್ವೀಪದಲ್ಲಿ ಹುಟ್ಟಿದ್ದು. ಮರದಲ್ಲಿ ದ್ರಾಕ್ಷಿ ಥರ ಗೊಂಚಲು ಗೊಂಚಲಾಗಿ ಬಿಡೋದಕ್ಕೆ ಆ ಹೆಸರು ಬಂತು ಅಂತಾರೆ. ಆ ಹಣ್ಣಿಗೂ ಮಾತ್ರೆಗೂ ಇರೋ ನಂಟು ಗೊತ್ತಾಗಿದ್ದು ಆಕಸ್ಮಿಕವಾಗಿ. ಕೆನಡಾದಲ್ಲಿ ಡೇವಿಡ್ ಬೈಲಿ ಅನ್ನೋ ವಿಜ್ಞಾನಿ ಫೆಲೋಡಿಪಿನ್ ಅನ್ನೋ ಬಿಪಿ ಮಾತ್ರೆ ಜೊತೆ ಆಲ್ಕೋಹಾಲ್ ಸೇರಿದ್ರೆ ಏನಾಗುತ್ತೆ ಅಂತ ನೋಡ್ತಿದ್ರು, ಆಲ್ಕೋಹಾಲ್ ರುಚಿ ಗೊತ್ತಾಗ್ಬಾರ್ದು ಅಂತ ಗ್ರೇಪ್‌ಫ್ರೂಟ್ ಜ್ಯೂಸಲ್ಲಿ ಬೆರೆಸಿ ಕೊಟ್ರು, ನೋಡಿದ್ರೆ ರಕ್ತದಲ್ಲಿ ಮಾತ್ರೆ ಅಂಶ ಅಂದ್ಕೊಂಡಿದ್ದಕ್ಕಿಂತ ಎಷ್ಟೋ ಜಾಸ್ತಿ ಇತ್ತು. 1991ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಅದು ಬಂತು. ನಮ್ಮ ಕರುಳಿನ ಗೋಡೇಲಿ ಒಂದು ಕಿಣ್ವ ಇದೆ, ಕೆಲವು ಮಾತ್ರೆಗಳನ್ನ ಅದು ಅಲ್ಲೇ ಒಂದಷ್ಟು ಒಡೆದು ಹಾಕುತ್ತೆ, ಮಿಕ್ಕಿದ್ದು ರಕ್ತಕ್ಕೆ ಹೋಗುತ್ತೆ, ಡಾಕ್ಟರ್ ಡೋಸ್ ಲೆಕ್ಕ ಹಾಕೋದೇ ಹಾಗೆ. ಗ್ರೇಪ್‌ಫ್ರೂಟ್ ಆ ಕಿಣ್ವದ ಕೈ ಕಟ್ಟಿ ಹಾಕುತ್ತೆ, ಆಗ ಒಂದು ಮಾತ್ರೆ ತಗೊಂಡ್ರೂ ಹೆಚ್ಚು ತಗೊಂಡಂಗೆ ಆಗುತ್ತೆ. ಕೆಲವು ಕೊಲೆಸ್ಟ್ರಾಲ್ ಮಾತ್ರೆ, ಕೆಲವು ಬಿಪಿ ಮಾತ್ರೆಗೆ ಈ ತೊಂದ್ರೆ ಇದೆ, ಎಲ್ಲದಕ್ಕೂ ಇಲ್ಲ. ಇದನ್ನ ಮಾಡೋ ವಸ್ತುಗಳು ಅದರ ತಾಯಿ ಚಕ್ಕೋತದಲ್ಲೂ ಇವೆ. ದ್ರಾಕ್ಷಿಗೆ ಇದ್ಯಾವುದೂ ಅಂಟಿಲ್ಲ.

ನಮ್ಮದು ದೇವನಹಳ್ಳಿ ಸೀಮೆ ಪಕ್ಕ. ದೇವನಹಳ್ಳಿ ಚಕ್ಕೋತಕ್ಕೂ ಬೆಂಗಳೂರು ಬ್ಲೂ ದ್ರಾಕ್ಷಿಗೂ ಎರಡಕ್ಕೂ ಜಿಐ ಟ್ಯಾಗ್ (ಈ ಸೀಮೆಯದ್ದೇ ಹಣ್ಣು ಅನ್ನೋ ಸರ್ಕಾರಿ ಗುರುತು) ಇದೆ, ಎರಡೂ ಒಂದೇ ಕೆಂಪು ಮಣ್ಣಿನ ಹಣ್ಣು. ಒಂದು ತಪ್ಪು ಅನುವಾದದಿಂದ ಅಮ್ಮ ಬಿಡ್ಬೇಕಾಗಿದ್ದನ್ನ ತಿಂದು, ತಿನ್ನಬಹುದಾಗಿದ್ದನ್ನ ಬಿಟ್ಟಿದ್ಲು. ಪುಣ್ಯಕ್ಕೆ ಅವ್ಳಿಗೆ ಏನೂ ಆಗಿಲ್ಲ, ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿ ಎಲ್ಲ ಸರಿ ಇದೆ ಅಂದ್ರು. ಆದ್ರೂ ಆ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ಓದೋಕೆ ಬರೋ ಅಮ್ಮ, ಹಾಳೇಲಿ ಬರೆದಿದ್ದನ್ನ ಅಕ್ಷರ ಬಿಡದೆ ಪಾಲಿಸಿದ ಅಮ್ಮ, ಅವ್ಳದ್ದು ಏನೂ ತಪ್ಪಿರ್ಲಿಲ್ಲ. ಮನೇಲಿ ಯಾರಾದ್ರೂ ಹೃದಯದ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ ತಗೊಳ್ತಿದ್ರೆ, ಹಿತ್ತಲಲ್ಲಿ ಚಕ್ಕೋತದ ಮರ ಇದ್ರೆ, ದಯವಿಟ್ಟು ಮಾತ್ರೆ ಹೆಸರು ಹೇಳಿ ಡಾಕ್ಟರನ್ನ ಒಂದು ಮಾತು ಕೇಳಿ. ಈ ಬರಹದಲ್ಲಿ ಬೇರೇನೂ ನೆನಪಿಟ್ಕೊಳ್ದಿದ್ರೂ ಪರ್ವಾಗಿಲ್ಲ.

## ಗೊಜ್ಜು

ಅಮ್ಮ ಮಾಡೋ ದ್ರಾಕ್ಷಿ ಗೊಜ್ಜಿಗೆ ಬೀಜ ಇಲ್ಲದ ಉದ್ದ ದ್ರಾಕ್ಷಿ ಆಗಲ್ಲ. ಥಾಮ್ಸನ್, ಸೋನಾಕ ಇವೆಲ್ಲ ಬಾಯಿಗೆ ಹಾಕ್ಕೊಂಡು ಕಡಿಯೋಕೆ ಚೆನ್ನ, ಮೊಸರನ್ನಕ್ಕೆ ಚೆನ್ನ, ಕುದಿಸಿದ್ರೆ ಸಪ್ಪೆ. ಬೆಂಗಳೂರು ಬ್ಲೂ ಹಣ್ಣಿನ ಗುಣ ಬೇರೆ, ತೊಟ್ಟಿನ ಕಡೆ ಹಿಡಿದು ಹಿಂದಿನಿಂದ ಒತ್ತಿದ್ರೆ ಒಳಗಿನ ತಿರುಳು ಪುಳಕ್ ಅಂತ ಒಂದೇ ಉಂಡೆಯಾಗಿ ಆಚೆ ಬರುತ್ತೆ, ಕೈಯಲ್ಲಿ ದಪ್ಪ ಸಿಪ್ಪೆ ಉಳಿಯುತ್ತೆ. ಅಪ್ಪಟ ಯೂರೋಪಿನ ದ್ರಾಕ್ಷಿಲಿ ಹಾಗಾಗಲ್ಲ, ಇದರಲ್ಲಿ ಅಮೆರಿಕದ ಕಾಡುದ್ರಾಕ್ಷಿ ರಕ್ತ ಸೇರಿದೆ, ಆ ಘಮ್ಮನ್ನೋ ವಾಸನೇನೂ ಅಲ್ಲಿಂದಾನೇ ಬಂದಿದ್ದು.

ನಂಗೆ ಏಳೆಂಟು ವರ್ಷ ಇದ್ದಾಗಿನ ನೆನಪು. ಜಗುಲಿ ಮೇಲೆ ಎರಡು ಪಾತ್ರೆ ಇಟ್ಕೊಂಡು ಅಮ್ಮ, ನಾನು, ಸೋದರತ್ತೆ ಕೂತಿದ್ವಿ. ಒಂದಕ್ಕೆ ತಿರುಳು, ಇನ್ನೊಂದಕ್ಕೆ ಸಿಪ್ಪೆ. ಬೆರಳು ಉಗುರು ಎಲ್ಲ ನೇರಳೆ. ತಿರುಳಿನ ಪಾತ್ರೆ ಒಲೆ ಮೇಲೆ ಹೋಗೋದು, ನೀರು ಹಾಕೋ ಹಾಗಿಲ್ಲ, ಹಣ್ಣೇ ನೀರು ಬಿಡುತ್ತೆ, ಹತ್ತು ನಿಮಿಷ ಕುದಿಯೋ ಹೊತ್ತಿಗೆ ತಿರುಳು ಕರಗಿ ಬೀಜ ಬಿಟ್ಕೊಳುತ್ತೆ. ಆಗ ಅಮ್ಮ ಹಳೇ ಪಂಚೆ ಬಟ್ಟೇಲಿ ಅದನ್ನ ಹಾಕಿ, ಸೌಟಿನ ಹಿಂಭಾಗದಿಂದ ಒತ್ತಿ ಒತ್ತಿ ಸೋಸೋಳು. ಬೀಜ ಆಚೆ, ರಸ ಒಳಗೆ. ಆಮೇಲೆ ಎತ್ತಿಟ್ಟ ಸಿಪ್ಪೆ ಪೂರ್ತಿ ಆ ರಸಕ್ಕೆ ವಾಪಸ್. ಅಲ್ಲಿವರ್ಗೂ ಹಸಿರು ಬೆರೆತ ಮಂಕು ಬಣ್ಣ ಇದ್ದಿದ್ದು, ಸಿಪ್ಪೆ ಬಿದ್ದು ಒಂದು ಕುದಿ ಬರೋದ್ರೊಳಗೆ ಗಾಢ ಕೆಂಪಾಗಿಬಿಡೋದು. ಅದನ್ನ ನೋಡೋಕೆ ಅಂತಾನೇ ನಾನು ಒಲೆ ಹತ್ರ ನಿಲ್ತಿದ್ದೆ.

ಪುಡಿ ಅಂದ್ರೆ ನಿಮ್ಮನೇಲಿ ಅನಾನಸ್ ಗೊಜ್ಜಿಗೆ, ಹಾಗಲಕಾಯಿ ಗೊಜ್ಜಿಗೆ ಏನು ಹುರೀತೀರೋ ಅದೇ. ಕಡ್ಲೆಬೇಳೆ, ಉದ್ದಿನಬೇಳೆ, ನಾಲ್ಕು ಕಾಳು ಮೆಂತ್ಯ, ಬ್ಯಾಡಗಿ ಮೆಣಸಿನಕಾಯಿ, ಕೊಬ್ಬರಿ, ಕೊನೇಲಿ ಬಿಳಿ ಎಳ್ಳು ಸಿಡಿಯೋವರ್ಗೂ. ಒಗ್ಗರಣೆಗೆ ಸಾಸಿವೆ, ಇಂಗು, ಕರಿಬೇವು. ಎಳ್ಳಿನ ವಾಸನೇನೂ ದ್ರಾಕ್ಷಿ ವಾಸನೇನೂ ಸೇರಿದಾಗ ಬರೋ ಘಮ ಬರವಣಿಗೇಲಿ ಹೇಳೋಕಾಗಲ್ಲ. ಅಮ್ಮ ಎರಡು ವಿಷಯದಲ್ಲಿ ಮಾತ್ರ ಕೈ ಹಿಡೀತಾಳೆ, ಹುಣಸೆಹಣ್ಣು ಮತ್ತು ಬೆಲ್ಲ. ಅನಾನಸ್‌ಗೆ ನಿಂಬೆ ಗಾತ್ರ ಹುಣಸೆ ಹಾಕೋಳು ದ್ರಾಕ್ಷಿಗೆ ಗೋಲಿ ಗಾತ್ರಾನೂ ಹಾಕಲ್ಲ. ಕೇಳಿದ್ರೆ "ದ್ರಾಕ್ಷಿ ಹುಳಿ, ಹುಣಸೆ ಹುಳಿ ಎರಡೂ ಒಂದೇ ಕಣೇ, ಅದಕ್ಕೇ ಇದು ಬೇಡ" ಅಂತಾಳೆ.

ಈ ಮಾತನ್ನ ಚಿಕ್ಕಂದಿನಿಂದ ಕೇಳಿದೀನಿ, ಅದೊಂದು ಅಡುಗೆಮನೆ ಮಾತು ಅಂತ ಬಿಟ್ಟಿದ್ದೆ. ಈಗ ಓದಿದ್ರೆ ಅಕ್ಷರಶಃ ನಿಜ. ನಿಂಬೆ ಕಿತ್ತಳೇಲಿ ಇರೋದು ಸಿಟ್ರಿಕ್ ಆಮ್ಲ, ಸೇಬಲ್ಲಿ ಮ್ಯಾಲಿಕ್ ಆಮ್ಲ. ಟಾರ್ಟಾರಿಕ್ ಆಮ್ಲ ಮುಖ್ಯವಾಗಿರೋ ಹಣ್ಣುಗಳು ತೀರಾ ಕಡಿಮೆ, ಅದರಲ್ಲಿ ಎರಡು ಹುಣಸೆ ಮತ್ತು ದ್ರಾಕ್ಷಿ. ಒಂದು ಆಫ್ರಿಕಾ ಮೂಲದ ದೊಡ್ಡ ಮರ, ಇನ್ನೊಂದು ಪಶ್ಚಿಮ ಏಷ್ಯಾ ಕಡೆಯಿಂದ ಬಂದ ಬಳ್ಳಿ, ಎರಡರ ಹುಳಿ ಒಂದೇ. ಯಾವ ಪುಸ್ತಕಾನೂ ಓದದೆ ಅಮ್ಮನ ನಾಲಿಗೆ ಅದನ್ನ ಕಂಡ್ಕೊಂಡಿತ್ತು. ಗೊಜ್ಜಿನ ಪುಡಿಗೆ ದ್ರಾಕ್ಷಿ ಇಷ್ಟು ಸಲೀಸಾಗಿ ಹೊಂದೋದು ಯಾಕೆ ಅಂತ ನಂಗೆ ಅರ್ಥ ಆಗಿದ್ದು ಆಗ್ಲೇ, ಗೊಜ್ಜು ಅನ್ನೋದೇ ಹುಣಸೆ ಹುಳಿ ಮೇಲೆ ನಿಂತ ಅಡುಗೆ, ದ್ರಾಕ್ಷಿ ಅಲ್ಲಿಗೆ ಹೊಸಬ ಅಲ್ಲವೇ ಅಲ್ಲ.

## ಸಿಪ್ಪೆ ಬಣ್ಣ

ಸೋಸಿದ ಆ ಪಂಚೆ ಬಟ್ಟೆ ಬಗ್ಗೆ ಹೇಳ್ಬೇಕು. ಗೊಜ್ಜಾದ ಮೇಲೆ ಅದನ್ನ ಒಗೆಯೋ ಕೆಲ್ಸ ನಂದು. ನೇರಳೆ ಕಲೆ ಇರೋ ಬಟ್ಟೆಗೆ ಬಾರ್ ಸೋಪ್ ತಿಕ್ಕಿದ ತಕ್ಷಣ ಕಲೆ ನೀಲಿ ಆಗೋದು, ಇನ್ನೂ ತಿಕ್ಕಿದ್ರೆ ಒಂಥರಾ ಹಸಿರು ಮಿಶ್ರಿತ ಬೂದಿ. ನಾನು ಬಟ್ಟೆ ಹಾಳಾಯ್ತು ಅಂತ ಹೆದರಿ ಅಮ್ಮನ ಹತ್ರ ತಗೊಂಡು ಹೋದ್ರೆ, ಅಮ್ಮ ಹಿಂಡಿದ ನಿಂಬೆ ಸಿಪ್ಪೆ ತಗೊಂಡು ಉಜ್ಜಿದ್ಲು, ನೀಲಿ ಇದ್ದಿದ್ದು ಕಣ್ಣ ಮುಂದೇನೇ ಗುಲಾಬಿ ಆಯ್ತು. ಆವತ್ತು ಸಂಜೆವರ್ಗೂ ಸೋಪು, ನಿಂಬೆ, ಸೋಪು, ನಿಂಬೆ ಅಂತ ಅದೇ ಆಟ ಆಡಿದೀನಿ.

ಆ ಬಣ್ಣದ ಹೆಸರು ಆಂಥೋಸಯನಿನ್. ಹುಳಿ ಇದ್ರೆ ಕೆಂಪು, ಕ್ಷಾರ ತಾಗಿದ್ರೆ ನೀಲಿ. ನೇರಳೆ ಹಣ್ಣು, ಬದನೆಕಾಯಿ ಸಿಪ್ಪೆ, ಕೆಂಪು ಎಲೆಕೋಸು ಎಲ್ಲದರಲ್ಲೂ ಇದೇ ಜಾತಿ ಬಣ್ಣ. ದ್ರಾಕ್ಷಿ ಆರೋಗ್ಯಕ್ಕೆ ಒಳ್ಳೇದು ಅಂತ ಯಾರು ಏನು ಹೇಳಿದ್ರೂ, ಅದರಲ್ಲಿ ಹೆಚ್ಚಿನ ಪಾಲು ಈ ಸಿಪ್ಪೆಗೆ ಮತ್ತು ಬೀಜಕ್ಕೆ ಸಂಬಂಧಪಟ್ಟ ಮಾತು. ಬೀಜದ ಒಗರು ಇದ್ಯಲ್ಲ, ಚಹಾದ ಒಗರಿನ ಹತ್ತಿರದ ಸಂಬಂಧಿ ಅದು. ಅದಕ್ಕೇ ಅಂಗಡೀಲಿ ಸಿಪ್ಪೆ ಪೂರ್ತಿ ಸೋಸಿ, ಸಕ್ಕರೆ ಸುರಿದು, ಐಸ್ ಹಾಕಿ ಕೊಡೋ ದ್ರಾಕ್ಷಿ ಜ್ಯೂಸ್ ನೋಡಿದಾಗ ನಂಗೆ ಬೇಜಾರಾಗುತ್ತೆ, ಬೆಂಗಳೂರಿನ ಬಿಸಿಲಲ್ಲಿ ಅದನ್ನ ಎಷ್ಟೋ ಸಲ ಕುಡಿದಿದೀನಿ, ಇಷ್ಟಾನೂ ಪಡ್ತೀನಿ, ಆದ್ರೆ ಅದನ್ನ ಆರೋಗ್ಯದ ಲೆಕ್ಕಕ್ಕೆ ಹಾಕ್ಕೊಳೋಕೆ ಮನಸ್ಸು ಒಪ್ಪಲ್ಲ. ಮನೇಲಿ ಮಾಡೋದಾದ್ರೆ ಹಣ್ಣು ಸಿಪ್ಪೆ ಸಮೇತ ಎರಡು ಕುದಿ ಕುದಿಸಿ ಕಿವುಚಿ, ಬೀಜ ಮಾತ್ರ ತೆಗೆದು, ಗಟ್ಟಿಯಾಗಿ ಕುಡೀರಿ. ಸಕ್ಕರೆ ಬೇಕೇ ಆಗಲ್ಲ.

ಇನ್ನೊಂದು, ಹಣ್ಣಿನ ಮೇಲೆ ಬಿಳೀ ಬೂದಿ ಥರ ಕೂತಿರುತ್ತಲ್ಲ, ಅದನ್ನ ಔಷಧಿ ಅಂತ ಎಲ್ಲರೂ ಉಜ್ಜಿ ಉಜ್ಜಿ ತೊಳೀತಾರೆ. ಅದು ಹಣ್ಣು ತಾನೇ ಬಿಡೋ ಮೇಣ, ಒಳಗಿನ ನೀರು ಆರಿ ಹೋಗ್ದಂಗೆ ಕಾಯೋಕೆ. ಅದು ಇದ್ರೆ ಹಣ್ಣು ತಾಜಾ ಅಂತ ಅರ್ಥ. ಔಷಧಿ ಹೊಡೆಯೋದು ನಿಜ, ನಮ್ಮಪ್ಪನೂ ಹೊಡೀತಿದ್ರು, ಮೈಲುತುತ್ತ ಸುಣ್ಣ ಕಲಸಿ ಚಪ್ಪರಕ್ಕೆ ಸಿಂಪಡಿಸಿದ ದಿನ ಎಲೆಗಳೆಲ್ಲ ತಿಳಿನೀಲಿ ಬಣ್ಣಕ್ಕೆ ತಿರುಗ್ತಿತ್ತು, ಆಮೇಲೆ ಬೇರೆ ಬೇರೆ ಡಬ್ಬಗಳೂ ಬಂದ್ವು. ಹಾಗಾಗಿ ತೊಳೆಯೋದು ಖಂಡಿತ ಬೇಕು, ಗೊಂಚಲಿಂದ ಬಿಡಿಸಿ, ಹರಿಯೋ ನೀರಲ್ಲಿ, ಎರಡು ಮೂರು ಸಲ. ಚಿಟಿಕೆ ಅಡುಗೆ ಸೋಡಾ ಹಾಕಿದ ನೀರಲ್ಲಿ ಸ್ವಲ್ಪ ಹೊತ್ತು ಬಿಟ್ರೂ ಒಳ್ಳೇದೇ, ಒಡೆದ ಹಣ್ಣಿದ್ರೆ ಆ ನೀರು ನೀಲಿ ಆಗುತ್ತೆ, ಗಾಬರಿ ಆಗ್ಬೇಡಿ, ನನ್ನ ಬಾರ್ ಸೋಪಿನ ಕಥೇನೇ ಅದು.

## ಔಷಧಿ ಅಂತ ತಿನ್ನೋರಿಗೆ

ಅಮ್ಮನ ಹಾಳೆ ಒಂದು ತುದಿ ಆದ್ರೆ ಫ್ಯಾಮಿಲಿ ಗ್ರೂಪಿಗೆ ಬರೋ ಫಾರ್ವರ್ಡ್‌ಗಳು ಇನ್ನೊಂದು ತುದಿ. ದಿನಾ ದ್ರಾಕ್ಷಿ ತಿಂದ್ರೆ ಹಾರ್ಟ್ ಬ್ಲಾಕ್ ಕರಗುತ್ತೆ, ಕ್ಯಾನ್ಸರ್ ಬರಲ್ಲ, ವಯಸ್ಸೇ ಆಗಲ್ಲ. ಇವೆಲ್ಲದರ ಹಿಂದೆ ಸಾಮಾನ್ಯವಾಗಿ ಇರೋದು ರೆಸ್ವೆರಾಟ್ರಾಲ್ ಅನ್ನೋ ಒಂದು ಹೆಸರು. ಫ್ರಾನ್ಸಿನೋರು ಅಷ್ಟು ಬೆಣ್ಣೆ ಚೀಸ್ ತಿಂದ್ರೂ ಹೃದ್ರೋಗ ಕಡಿಮೆ ಯಾಕೆ, ರೆಡ್ ವೈನ್ ಕಾರಣ ಇರಬಹುದಾ ಅಂತ 1990ರ ದಶಕದ ಶುರುವಿನಲ್ಲಿ ದೊಡ್ಡ ಚರ್ಚೆ ಎದ್ದಿತ್ತು, ಆ ಹೊತ್ತಲ್ಲಿ ದ್ರಾಕ್ಷಿ ಸಿಪ್ಪೇಲಿರೋ ಈ ವಸ್ತು ಮೇಲೆ ಎಲ್ಲರ ಕಣ್ಣು ಬಿತ್ತು. 2006ರಲ್ಲಿ ಕೊಬ್ಬಿನ ಆಹಾರ ತಿಂದು ದಪ್ಪ ಆಗಿದ್ದ ಇಲಿಗಳಿಗೆ ಭಾರೀ ಡೋಸ್ ಕೊಟ್ಟಾಗ ಅವು ಹೆಚ್ಚು ದಿನ ಬದುಕಿದ್ವು ಅಂತ ಬಂದ ಮೇಲಂತೂ ಕ್ಯಾಪ್ಸೂಲ್ ಮಾರಾಟ ಜೋರಾಯ್ತು. ಆದ್ರೆ ಒಂದು ಗೊಂಚಲು ದ್ರಾಕ್ಷಿಲಿ ಸಿಗೋ ರೆಸ್ವೆರಾಟ್ರಾಲ್ ತೀರಾ ಚೂರು, ಮನುಷ್ಯರ ಮೇಲಿನ ಪ್ರಯೋಗದಲ್ಲಿ ಕೊಡೋದು ನೂರಾರು ಮಿಲಿಗ್ರಾಂ, ತಿಂದು ಆ ಮಟ್ಟ ಮುಟ್ಟೋದು ಅಸಾಧ್ಯ. 2014ರಲ್ಲಿ ಇಟಲಿಯ ಕಿಯಾಂಟಿ ಪ್ರದೇಶದಲ್ಲಿ, ವೈನಿಗೆ ಹೆಸರಾದ ಊರುಗಳಲ್ಲೇ, 65 ದಾಟಿದ ಸುಮಾರು 780 ಜನರನ್ನ 9 ವರ್ಷ ಗಮನಿಸಿದ ಅಧ್ಯಯನ ಪ್ರಕಟ ಆಯ್ತು. ಮೂತ್ರದಲ್ಲಿ ರೆಸ್ವೆರಾಟ್ರಾಲ್ ಅಂಶ ಹೆಚ್ಚಿದ್ದೋರು ಕಡಿಮೆ ಇದ್ದೋರಿಗಿಂತ ಹೆಚ್ಚು ದಿನ ಬದುಕಲೂ ಇಲ್ಲ, ಅವರಿಗೆ ಹೃದ್ರೋಗ, ಕ್ಯಾನ್ಸರ್ ಕಡಿಮೆನೂ ಆಗಿರ್ಲಿಲ್ಲ.

ನಂಗೆ ಇದಕ್ಕಿಂತ ಹೆಚ್ಚು ಬೆಲೆಬಾಳೋದು ಅನ್ನಿಸಿದ್ದು 2013ರಲ್ಲಿ ಬಂದ ಇನ್ನೊಂದು ಅಧ್ಯಯನ, ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ. ಅಮೆರಿಕದ ಸುಮಾರು 1,87,000 ಆರೋಗ್ಯ ಕ್ಷೇತ್ರದ ಜನ ವರ್ಷಾನುಗಟ್ಟಲೆ ಏನು ತಿಂದ್ರು, ಅವರಲ್ಲಿ ಯಾರಿಗೆ ಶುಗರ್ ಬಂತು ಅಂತ ನೋಡಿದ್ರು. ವಾರಕ್ಕೆ ಮೂರು ಪಾಲು (ಪಾಲು ಅಂದ್ರೆ ಒಂದು ಸಲಕ್ಕೆ ತಿನ್ನೋಷ್ಟು) ದ್ರಾಕ್ಷಿ ಅಥವಾ ಒಣದ್ರಾಕ್ಷಿ ಹೆಚ್ಚು ತಿನ್ನೋರಲ್ಲಿ ಡಯಾಬಿಟಿಸ್ ಬರೋ ಸಾಧ್ಯತೆ ಶೇ. 12ರಷ್ಟು ಕಡಿಮೆ ಇತ್ತು, ಅಷ್ಟೇ ಪಾಲು ಹಣ್ಣಿನ ಜ್ಯೂಸ್ ಕುಡಿಯೋರಲ್ಲಿ ಶೇ. 8ರಷ್ಟು ಜಾಸ್ತಿ. ದ್ರಾಕ್ಷಿ ತಿಂದಿದ್ದಕ್ಕೇ ಹಾಗಾಯ್ತು ಅಂತ ಇದರಿಂದ ಸಾಬೀತಾಗಲ್ಲ, ಹಣ್ಣು ತಿನ್ನೋರು ವಾಕಿಂಗೂ ಮಾಡ್ತಿರ್ತಾರೆ, ಸಿಗರೇಟೂ ಸೇದಲ್ಲ. ಆದ್ರೂ ಹಣ್ಣು ಒಂದು ಕಡೆಗೆ, ಜ್ಯೂಸ್ ಅದರ ಎದುರು ಕಡೆಗೆ ಹೋಗಿದ್ದು ಯೋಚನೆ ಮಾಡೋ ವಿಷಯ.

ಸಿಹಿ ಬಗ್ಗೆ ಮುಚ್ಚಿಡೋದು ಏನೂ ಇಲ್ಲ. 100 ಗ್ರಾಂ ದ್ರಾಕ್ಷಿಲಿ 15-16 ಗ್ರಾಂ ಸಕ್ಕರೆ ಇದೆ. ಗ್ಲೂಕೋಸನ್ನ ಮೊದಲು ಬೇರ್ಪಡಿಸಿದ್ದೇ ಒಣದ್ರಾಕ್ಷಿಯಿಂದ, 1747ರಲ್ಲಿ, ಜರ್ಮನಿಯ ಮಾರ್ಗ್ರಾಫ್ ಅನ್ನೋರು. ಒಣಗಿಸಿದ್ರೆ ನೀರು ಹೋಗಿ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೇನೇ ಉಳಿಯುತ್ತೆ. ವಿಜಯಪುರದ ಒಣದ್ರಾಕ್ಷಿ ಹಿಡಿಗಟ್ಟಲೆ ತಿನ್ನೋ ಶುಗರ್ ಪೇಷೆಂಟ್‌ಗಳನ್ನ ನೋಡಿದೀನಿ, ರಕ್ತ ಆಗುತ್ತೆ ಅಂತ. ಹಿಡಿ ಒಣದ್ರಾಕ್ಷಿಲಿ ಸಿಗೋ ಕಬ್ಬಿಣ ಹೆಚ್ಚೇನೂ ಇರಲ್ಲ. ಮಲಬದ್ಧತೆಗೆ ರಾತ್ರಿ ನೆನೆಸಿ ಬೆಳಿಗ್ಗೆ ಹತ್ತು ತಿನ್ನೋ ನಮ್ಮಜ್ಜಿ ಕಾಲದ ಪದ್ಧತಿ ಮಾತ್ರ ನನ್ನ ಅನುಭವದಲ್ಲಿ ಕೆಲ್ಸ ಮಾಡುತ್ತೆ. ಮನೇಲಿ ಐದು ವರ್ಷದೊಳಗಿನ ಮಕ್ಕಳಿದ್ರೆ ಇಡೀ ದ್ರಾಕ್ಷಿ ಕೊಡ್ಲೇಬೇಡಿ, ಉದ್ದಕ್ಕೆ ನಾಲ್ಕು ಹೋಳು ಮಾಡಿ ಕೊಡಿ, ಅದರ ಗಾತ್ರ ಮಕ್ಕಳ ಗಂಟಲಿಗೆ ಸರಿಯಾಗಿ ಸಿಕ್ಕಿಕೊಳ್ಳೋ ಥರ ಇದೆ.

ಅಮ್ಮನ ಶುಗರ್ ಬಾರ್ಡರಲ್ಲಿದೆ. ಡಾಕ್ಟರ್ ಹೇಳಿದ್ದು ಇಷ್ಟೇ, ಒಂದು ಸಲಕ್ಕೆ ಹನ್ನೆರಡು ಹದಿನೈದು ಹಣ್ಣು, ಊಟದ ಜೊತೆ, ಬರೀ ಹೊಟ್ಟೇಲಿ ಬೇಡ. ಗೊಜ್ಜಲ್ಲಿ ಬರೋದೂ ಅಷ್ಟೇ ಅಲ್ವಾ, ಎರಡು ಸೌಟು. ಬೇಳೆ ಎಳ್ಳು ಕೊಬ್ಬರಿ ಜೊತೆಗೆ ಸಿಪ್ಪೆ ಸಮೇತ ಹೋಗುತ್ತೆ. ತೊಂದ್ರೆ ಇರೋದು ಬೆಲ್ಲದ್ದು, ಅದನ್ನ ಅಮ್ಮನ ಹತ್ರ ಮಾತಾಡ್ಬೇಕಿತ್ತು.

## ಮತ್ತೆ ಒಲೆ ಮೇಲೆ

ನಮ್ಮ ಚಪ್ಪರ ಈಗ ಇಲ್ಲ. 2008ರಲ್ಲಿ ಏರ್‌ಪೋರ್ಟ್ ಶುರು ಆದ ಮೇಲೆ ಆ ಸುತ್ತಲಿನ ಜಮೀನು ಏನಾಯ್ತು ಅಂತ ನಿಮಗೆ ಹೇಳ್ಬೇಕಾಗಿಲ್ಲ. ಅಪ್ಪ ಹೋದ ಮೇಲೆ ನೋಡ್ಕೊಳೋರೂ ಇರ್ಲಿಲ್ಲ. ಕಲ್ಲುಕಂಬ ಒಂದು ನಾಲ್ಕು ಇನ್ನೂ ನಿಂತಿವೆ, ಅಮ್ಮ ಅದಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಗಿಸ್ತಾಳೆ.

ಚೆಕಪ್ ಮುಗಿಸ್ಕೊಂಡು ಬರ್ತಾ ಅಮ್ಮಾನೇ ಗಾಡಿ ಹತ್ರ ನಿಂತು ಗೊಂಚಲು ಆರಿಸಿದ್ಲು, ನಂಗೆ ಕೈ ಹಾಕೋಕೆ ಬಿಡ್ಲಿಲ್ಲ. ಗೊಂಚಲನ್ನ ತೊಟ್ಟು ಹಿಡಿದು ಮೆಲ್ಲಗೆ ಅಲ್ಲಾಡಿಸೋಳು, ಹಣ್ಣು ಉದುರಿದ್ರೆ ವಾಪಸ್ ಇಡೋಳು. ಮನೇಲಿ ಎರಡು ಪಾತ್ರೆ ಇಟ್ಕೊಂಡು ಕೂತ್ವಿ. ಅಮ್ಮನ ಕೈ ಈಗ ಸ್ವಲ್ಪ ನಡುಗುತ್ತೆ, ಆದ್ರೂ ತಿರುಳು ಒಂದೂ ಒಡೀದೆ ಉಂಡೆಯಾಗೇ ಬರ್ತಿತ್ತು. ಬೆಲ್ಲ ಕಡಿಮೆ ಹಾಕು ಅಂದೆ. "ಹಣ್ಣು ಚೆನ್ನಾಗಿ ಮಾಗಿದೆ, ಅರ್ಧಕ್ಕರ್ಧ ಸಾಕು" ಅಂತ ಅವ್ಳೇ ಹೇಳಿದ್ಲು. ಹುಣಸೆ ಡಬ್ಬಿ ತೆಗೀಲೇ ಇಲ್ಲ.

ಸಿಪ್ಪೆ ಹಾಕೋ ಹೊತ್ತಿಗೆ ನನ್ನನ್ನ ಕರೆದ್ಲು, "ಬಾರೇ, ಬಣ್ಣ ತಿರುಗುತ್ತೆ ನೋಡು" ಅಂತ. ಇಬ್ರೂ ಒಲೆ ಹತ್ರ ನಿಂತು ನೋಡಿದ್ವಿ. ಬಿಸಿ ಅನ್ನಕ್ಕೆ ಗೊಜ್ಜು ಹಾಕ್ಕೊಂಡು ಅಮ್ಮ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದ್ಲು, ಏನೂ ಮಾತಾಡ್ಲಿಲ್ಲ, ಎರಡನೇ ಸಲ ಬಡಿಸ್ಕೊಂಡ್ಲು.

ಮಾರನೇ ದಿನ ಬೆಳಿಗ್ಗೆ ಎದ್ದು ನೋಡಿದ್ರೆ ಫ್ರಿಜ್ ಮೇಲಿನ ಹಾಳೆ ಇರ್ಲಿಲ್ಲ. ಬಿಸಾಕಿದ್ಲೇನೋ ಅಂದ್ಕೊಂಡೆ. ಸ್ವಲ್ಪ ಹೊತ್ತಿಗೆ ಅಮ್ಮ ಕೈಲಿ ಅದೇ ಹಾಳೆ ಹಿಡ್ಕೊಂಡು ಆಚೆಯಿಂದ ಬಂದ್ಲು. ದ್ರಾಕ್ಷಿ ಅನ್ನೋ ಪದಾನ ಪೆನ್ನಲ್ಲಿ ಹೊಡೆದು, ಪಕ್ಕದಲ್ಲಿ ತನ್ನ ದುಂಡು ಅಕ್ಷರದಲ್ಲಿ "ಚಕ್ಕೋತ" ಅಂತ ಬರೆದಿದ್ಲು. ಪಕ್ಕದ ಬೀದಿ ದೊಡ್ಡಮ್ಮನೂ ಅದೇ ಆಸ್ಪತ್ರೆಗೆ ಹೋಗೋದಂತೆ, ಅವ್ರ ಮನೆ ಫ್ರಿಜ್ ಮೇಲೂ ಅದೇ ಹಾಳೆ ಇದ್ಯಂತೆ.

"ಅವ್ಳದ್ದೂ ತಿದ್ದಿ ಬಂದೆ" ಅಂದ್ಲು.